ಸಹಿ ಹಾಕಿದ ಸಾಹೇಬರು ಯಾರು?

ಚಿಕ್ಕಲಸಂದ್ರದ ಒಂದು ಮನೆ. ಕಳೆದ ದಸರೆಗೆ ಮುಂಚೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದ ಮೇಲಿದ್ದ ತಗಡಿನ ಟ್ರಂಕನ್ನು ಕೆಳಗಿಳಿಸಿದರು. ಹಲಸೂರಿನ ಹಳೆಯ ಮನೆ ಮಾರಿ ಈ ಕಡೆಗೆ ಬಂದಾಗ ಹೊತ್ತು ತಂದಿದ್ದ ಟ್ರಂಕು ಅದು. ಇಪ್ಪತ್ತೈದು ವರ್ಷಗಳಿಂದ ಯಾರೂ ಅದರ ಬೀಗ ತೆಗೆದಿರಲಿಲ್ಲ. ಒಳಗೆ ಹಳೆಯ ಪಂಚಾಂಗಗಳು, ಕಂದಾಯದ ರಸೀದಿಗಳು, ಒಂದು ಒಣಗಿದ ಮಸಿಕುಡಿಕೆ. ರಸೀದಿಗಳ ಕಟ್ಟನ್ನು ಬಿಚ್ಚಿದಾಗ ಇಸ್ಪೀಟಿನ ಎಲೆಗಿಂತ ಸ್ವಲ್ಪ ಉದ್ದವಾದ ಒಂದು ರಟ್ಟಿನ ಚೂರು ಜಾರಿ ನೆಲಕ್ಕೆ ಬಿತ್ತು.

ಅದರ ಮೇಲೆ ಒಂದು ಫೋಟೋ. ಮೂವತ್ತು ಮೂವತ್ತೈದರ ಆಸುಪಾಸಿನ ಒಬ್ಬ ಬಿಳಿಯ ಸೈನ್ಯಾಧಿಕಾರಿ. ಗಡ್ಡ, ಗುಂಡಿಗಳ ಸಾಲಿನ ಕೋಟು, ಸೊಂಟದಲ್ಲಿ ಕತ್ತಿ. ಫೋಟೋದ ಕೆಳಗೆ, ರಟ್ಟಿನ ಅಂಚಿನಲ್ಲಿ, ಕಂದು ಬಣ್ಣಕ್ಕೆ ತಿರುಗಿದ ಮಸಿಯಲ್ಲಿ ಒಂದು ಇಂಗ್ಲಿಷ್ ಸಹಿ. ಆದರೆ ಓದಲು ಬರುವಂತಿರಲಿಲ್ಲ.

ಮನೆಯಲ್ಲಿ ಆಗ ಹಣದ ಬಿಗಿ. ಮಗಳು ಎಸ್.ಎಸ್.ಎಲ್.ಸಿ. ಓದುತ್ತಿದ್ದಳು. ಮುಂದಿನ ವರ್ಷ ಪಿ.ಯು. ಸೇರಿಸಬೇಕು, ಫೀಸಿನ ಚಿಂತೆ. ತಂದೆ ಪರಿಚಯದವರ ಮೂಲಕ ಹಳೆಯ ಸಾಮಾನು ಕೊಳ್ಳುವ ಒಬ್ಬರನ್ನು ಕರೆಸಿದರು. ಆತ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಸಾರ್, ಇದು ಕಬ್ಬನ್ ಸಾಹೇಬ್ರೇ ಇರ್ಬೇಕು. ಇಲ್ಲಾಂದ್ರೆ ಸ್ಯಾಂಕಿ. ಹೆಸರಿಲ್ಲದೆ ಹೋದ್ರೆ ಎರಡು ಸಾವಿರ. ಸ್ಯಾಂಕಿ ಅಂತ ಆದ್ರೆ ಮೂವತ್ತು ಸಾವಿರ ಕೊಡಿಸ್ತೀನಿ. ನಮ್ಮ ಮನೇಲಿ ಹಿರಿಯರು ಹಾಗೆ ಹೇಳ್ತಿದ್ರು ಅಂತ ಒಂದು ಕಾಗದ ಬರೆದುಕೊಡಿ, ಸಾಕು" ಎಂದ. ತಂದೆ ಒಂದು ವಾರ ಸಮಯ ಕೇಳಿದರು.

ಆ ವಾರದಲ್ಲಿ ಮಗಳು ಶಾಲೆಯ ಪ್ರಯೋಗಾಲಯದಿಂದ ಒಂದು ಭೂತಗನ್ನಡಿಯನ್ನು ಕೇಳಿ ತಂದಳು. ಆಮೇಲೆ ನಡೆದದ್ದು ಹಳೆಯ ವಸ್ತುಗಳ ಮೇಲೆ ಆಸೆಯಿರುವ ಎಲ್ಲ ವಿದ್ಯಾರ್ಥಿಗಳಿಗೂ, ಅವರ ತಂದೆತಾಯಿಗಳಿಗೂ ಉಪಯೋಗವಾಗುವಂಥದು.

ಕಾರ್ಡಿನ ಕಾಲ

ಸೈನ್ಯಾಧಿಕಾರಿಗಳ ಸಹಿಯುಳ್ಳ ಹಳೆಯ ಭಾವಚಿತ್ರಗಳನ್ನು ಕೂಡಿಸುವ ಹವ್ಯಾಸ ಇಂದು ನಿನ್ನೆಯದಲ್ಲ. ಅದು ಫೋಟೋಗ್ರಫಿಯ ಜೊತೆಗೇ ಬೆಳೆದದ್ದು. 1854ರಲ್ಲಿ ಪ್ಯಾರಿಸ್ಸಿನ ಡಿಸ್ಡೇರಿ ಎಂಬ ಛಾಯಾಗ್ರಾಹಕ ಒಂದೇ ಗಾಜಿನ ಫಲಕದ ಮೇಲೆ ಎಂಟು ಸಣ್ಣ ಚಿತ್ರಗಳನ್ನು ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದುವರೆಗೆ ಒಂದು ಭಾವಚಿತ್ರವೆಂದರೆ ಶ್ರೀಮಂತರ ಬಾಬತ್ತು. ಒಂದು ಫಲಕದಿಂದ ಎಂಟು ಚಿತ್ರಗಳು ಬಂದಾಗ ಬೆಲೆ ಇಳಿಯಿತು. ಚಿತ್ರವನ್ನು ಸುಮಾರು 64 ಮಿಲಿಮೀಟರ್ ಅಗಲ, 100 ಮಿಲಿಮೀಟರ್ ಉದ್ದದ ರಟ್ಟಿಗೆ ಅಂಟಿಸಿ ಕೊಡುತ್ತಿದ್ದರು. ಇದಕ್ಕೆ 'ಕಾರ್ಟ್ ದ ವಿಸಿಟ್' ಎಂದು ಹೆಸರು. ಅಂದರೆ ಭೇಟಿ ಚೀಟಿಯ ಗಾತ್ರದ ಚಿತ್ರ.

1860ರಲ್ಲಿ ಲಂಡನ್ನಿನ ಮೇಯಾಲ್ ಎಂಬಾತ ವಿಕ್ಟೋರಿಯಾ ರಾಣಿಯ ಕುಟುಂಬದ ಇಂಥ ಚಿತ್ರಗಳನ್ನು ಮಾರಾಟಕ್ಕೆ ಬಿಟ್ಟ. ಅಲ್ಲಿಂದ ಜನರಿಗೆ ಅದೊಂದು ಹುಚ್ಚೇ ಹಿಡಿಯಿತು. ಮನೆಮನೆಯಲ್ಲೂ ಆಲ್ಬಂ ಬಂತು. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದಾಗ ಸೇನಾಪತಿಗಳ ಚಿತ್ರಗಳನ್ನು ಜನ ಮುಗಿಬಿದ್ದು ಕೊಂಡರು. ಅಧಿಕಾರಿಗಳೂ ಪರಿಚಿತರಿಗೆ ತಮ್ಮ ಚಿತ್ರದ ಕೆಳಗೆ ಸಹಿ ಮಾಡಿ ಕೊಡುತ್ತಿದ್ದರು. ಇಂದು ಸಂಗ್ರಾಹಕರು ಹುಡುಕುವುದು ಮುಖ್ಯವಾಗಿ ಅವನ್ನೇ. 1860ರ ದಶಕದ ಕೊನೆಯ ಭಾಗದಿಂದ ಇನ್ನೂ ದೊಡ್ಡದಾದ, ಸುಮಾರು 108 ಮಿಲಿಮೀಟರ್ ಅಗಲ, 165 ಮಿಲಿಮೀಟರ್ ಉದ್ದದ 'ಕ್ಯಾಬಿನೆಟ್ ಕಾರ್ಡ್' ಬಂತು.

ಚಿಕ್ಕಲಸಂದ್ರದ ಹುಡುಗಿ ಮೊದಲು ಮಾಡಿದ ಕೆಲಸ ಸ್ಕೇಲಿಟ್ಟು ಅಳೆದದ್ದು. 64ಕ್ಕೆ 100. ರಟ್ಟು ತೆಳು, ಮೂಲೆಗಳು ಚೌಕ. ಸಾಮಾನ್ಯವಾಗಿ 1860ರ ದಶಕದ ಕಾರ್ಡುಗಳು ತೆಳುವಾಗಿ, ಚೌಕ ಮೂಲೆಯವಾಗಿರುತ್ತವೆ. ಆಮೇಲಿನವು ದಪ್ಪನಾಗಿ, ದುಂಡು ಮೂಲೆಯವಾಗುತ್ತ ಹೋಗುತ್ತವೆ. ಹಾಗಾದರೆ ಈ ಚಿತ್ರ ಸುಮಾರು 1860ರಿಂದ 1870ರ ಒಳಗಿನದಿರಬಹುದು.

ಇಷ್ಟರಿಂದಲೇ ವ್ಯಾಪಾರಿಯ ಮೊದಲ ಮಾತು ಬಿದ್ದುಹೋಯಿತು. ಸರ್ ಮಾರ್ಕ್ ಕಬ್ಬನ್ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯಕ್ಕೆ ಸೇರಿದವರು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದು, ಊರಿಗೆ ಹಿಂದಿರುಗುವ ದಾರಿಯಲ್ಲಿ ಸೂಯೆಜ್‌ನಲ್ಲಿ 1861ರ ಏಪ್ರಿಲ್‌ನಲ್ಲಿ ತೀರಿಕೊಂಡರು. 1800ರಲ್ಲಿ ಸೈನ್ಯ ಸೇರಿದ ಮನುಷ್ಯ 1860ರಲ್ಲಿ ಎಪ್ಪತ್ತು ದಾಟಿದ ವೃದ್ಧ. ಚಿತ್ರದಲ್ಲಿರುವವರಿಗೆ ಮೂವತ್ತೈದು. ಇದಕ್ಕೆ ಕೂಡುವ ಕಳೆಯುವ ಲೆಕ್ಕ ಸಾಕು.

ಸ್ಯಾಂಕಿಯ ವಿಷಯ ಅಷ್ಟು ಸುಲಭವಲ್ಲ. ಮದರಾಸು ಇಂಜಿನಿಯರುಗಳ ದಳದ ರಿಚರ್ಡ್ ಸ್ಯಾಂಕಿ ಹುಟ್ಟಿದ್ದು 1829ರಲ್ಲಿ. 1860ರ ದಶಕದಲ್ಲಿ ಮೈಸೂರು ಸಂಸ್ಥಾನದ ಇಂಜಿನಿಯರ್ ಆಗಿ ಅಠಾರಾ ಕಚೇರಿಯನ್ನು ಕಟ್ಟಿಸಿದವರು ಅವರೇ. 1882ರಲ್ಲಿ ಆದ ಕೆರೆಗೆ ಅವರ ಹೆಸರೇ ನಿಂತಿದೆ. ವಯಸ್ಸು ಹೊಂದುತ್ತದೆ, ಕಾಲ ಹೊಂದುತ್ತದೆ. ಆದರೆ ಹೊಂದುತ್ತದೆ ಎನ್ನುವುದು ಬೇರೆ, ಹೌದು ಎನ್ನುವುದು ಬೇರೆ. ಆ ಕಾಲದಲ್ಲಿ ಬೆಂಗಳೂರಿನ ದಂಡಿನಲ್ಲಿ ಅದೇ ವಯಸ್ಸಿನ, ಅದೇ ರೀತಿ ಗಡ್ಡ ಬಿಟ್ಟ ಅಧಿಕಾರಿಗಳು ಎಷ್ಟೋ ಮಂದಿ. ಮದರಾಸು ಸ್ಯಾಪರ್ಸ್ ದಳವಂತೂ 1834ರಿಂದಲೇ ಇಲ್ಲಿ ನೆಲೆ ನಿಂತಿತ್ತು.

ಮೊಟ್ಟೆಯ ಲೋಳೆಯಲ್ಲಿ ಮೂಡಿದ ಮುಖ

ಎರಡನೆಯ ಪ್ರಶ್ನೆ: ಇದು ನಿಜವಾದ ಫೋಟೋವೇ, ಅಥವಾ ಪುಸ್ತಕದಿಂದ ಕತ್ತರಿಸಿದ ಅಚ್ಚಿನ ಚಿತ್ರವೇ? ಈ ಪತ್ರಿಕೆಯಲ್ಲಿರುವ ಯಾವುದಾದರೂ ಚಿತ್ರದ ಮೇಲೆ ಭೂತಗನ್ನಡಿ ಹಿಡಿದು ನೋಡಿ. ಸಾಲುಸಾಲಾಗಿ ಚುಕ್ಕೆಗಳು ಕಾಣುತ್ತವೆ. ಅಚ್ಚಿನ ಚಿತ್ರಗಳೆಲ್ಲ ಬಹುಮಟ್ಟಿಗೆ ಹೀಗೆ ಚುಕ್ಕೆಗಳಿಂದ ಆದವು. ಹಳೆಯ ಫೋಟೋದಲ್ಲಿ ಚುಕ್ಕೆಗಳಿರುವುದಿಲ್ಲ. ಕಪ್ಪಿನಿಂದ ಬಿಳುಪಿಗೆ ಬಣ್ಣ ಹೊಗೆಯ ಹಾಗೆ ಕರಗುತ್ತ ಹೋಗುತ್ತದೆ.

ಹುಡುಗಿಗೆ ಚುಕ್ಕೆಗಳು ಕಾಣಲಿಲ್ಲ. ಬದಲಿಗೆ ಚಿತ್ರದ ಅಡಿಯಲ್ಲಿ ಕಾಗದದ ನಾರುಗಳೂ, ಮೇಲ್ಮೈಯಲ್ಲಿ ಒಣಗಿದ ಕೆರೆಯಂಗಳದಂಥ ಸೂಕ್ಷ್ಮ ಬಿರುಕುಗಳೂ ಕಂಡವು. ಬಿಳಿಯಾಗಿರಬೇಕಾದ ಭಾಗಗಳು ಹಳದಿಯಾಗಿದ್ದವು. ಇವು 'ಆಲ್ಬುಮೆನ್' ಚಿತ್ರದ ಗುರುತುಗಳು.

ಆಲ್ಬುಮೆನ್ ಎಂದರೆ ಕೋಳಿಮೊಟ್ಟೆಯ ಬಿಳಿ ಲೋಳೆ. 1850ರಲ್ಲಿ ಫ್ರಾನ್ಸಿನ ಬ್ಲಾಂಕಾರ್ ಎವ್ರಾರ್ ಈ ವಿಧಾನವನ್ನು ಪ್ರಕಟಿಸಿದ. ಲೋಳೆಗೆ ಉಪ್ಪು ಬೆರೆಸಿ ನೊರೆ ಬರುವಂತೆ ಕಡೆದು, ನೊರೆ ಇಳಿದ ಮೇಲೆ ತೆಳು ಕಾಗದವನ್ನು ಅದರ ಮೇಲೆ ತೇಲಿಸಿ ಒಣಗಿಸುತ್ತಿದ್ದರು. ಆಮೇಲೆ ಆ ಕಾಗದವನ್ನು ಸಿಲ್ವರ್ ನೈಟ್ರೇಟ್ ದ್ರಾವಣದ ಮೇಲೆ ತೇಲಿಸುತ್ತಿದ್ದರು. ಆಗ ಏನಾಗುತ್ತದೆ? ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಇದು ಗೊತ್ತಿರಬೇಕು. ಸಿಲ್ವರ್ ನೈಟ್ರೇಟಿಗೆ ಸೋಡಿಯಂ ಕ್ಲೋರೈಡ್ ಸೇರಿದರೆ ಸಿಲ್ವರ್ ಕ್ಲೋರೈಡ್ ಮತ್ತು ಸೋಡಿಯಂ ನೈಟ್ರೇಟ್ ಬರುತ್ತವೆ. ಪರೀಕ್ಷೆಯಲ್ಲಿ 'ದ್ವಿಸ್ಥಾನಪಲ್ಲಟ ಕ್ರಿಯೆ' ಎಂದು ಬರೆಯುವುದು ಇದನ್ನೇ. ಈ ಸಿಲ್ವರ್ ಕ್ಲೋರೈಡ್ ಬಿಸಿಲಿಗೆ ಕಪ್ಪಾಗುತ್ತದೆ. ಕಾಗದದ ಮೇಲೆ ಗಾಜಿನ ನೆಗೆಟಿವ್ ಇಟ್ಟು ಬಿಸಿಲಿಗೆ ಒಡ್ಡಿದರೆ ಚಿತ್ರ ಕಣ್ಣೆದುರೇ ಮೂಡುತ್ತದೆ. ಬಳಿಕ ಚಿನ್ನದ ಲವಣದ ದ್ರಾವಣದಲ್ಲಿ ಅದ್ದಿ ಬಣ್ಣವನ್ನು ಹದಗೊಳಿಸಿ, ಹೈಪೋದಲ್ಲಿ ತೊಳೆದು ಉಳಿದ ಸಿಲ್ವರ್ ಕ್ಲೋರೈಡನ್ನು ತೆಗೆಯುತ್ತಿದ್ದರು. ಚಿತ್ರದಲ್ಲಿ ನಾವು ನೋಡುವ ಕಪ್ಪು, ಬೆಳ್ಳಿಯ ಅತಿ ಸಣ್ಣ ಕಣಗಳು. ಕೋಳಿಮೊಟ್ಟೆ, ಉಪ್ಪು, ಬೆಳ್ಳಿ, ಚಿನ್ನ, ಬಿಸಿಲು ಇವಿಷ್ಟೂ ಸೇರಿ ಒಬ್ಬ ಮನುಷ್ಯನ ಮುಖವನ್ನು ಒಂದೂವರೆ ಶತಮಾನ ಕಾಪಾಡಿವೆ.

ನೆಗೆಟಿವ್ ಆಗ 'ಕಲೋಡಿಯನ್' ಎಂಬ ಅಂಟು ದ್ರವವನ್ನು ಬಳಿದ ಗಾಜು. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಬೆಳಕಿಗೆ ತಂದ ವಿಧಾನ ಇದು. ಗಾಜು ಒಣಗುವುದರೊಳಗೆ ಚಿತ್ರ ತೆಗೆದು ತೊಳೆಯಬೇಕು. ಕೂತವರು ಹಲವು ಸೆಕೆಂಡು ಅಲುಗಾಡಬಾರದು. ಅದಕ್ಕಾಗಿ ತಲೆಯ ಹಿಂದೆ ಕಬ್ಬಿಣದ ಊರುಗೋಲು ಕೊಡುತ್ತಿದ್ದರು. ಹಳೆಯ ಚಿತ್ರಗಳಲ್ಲಿ ಎಲ್ಲರೂ ಬಿಗುವಾಗಿ, ನಗೆಯಿಲ್ಲದೆ ಕಾಣುವುದಕ್ಕೆ ಇದೂ ಒಂದು ಕಾರಣ.

ಈ ಕಲೋಡಿಯನ್ನಿಗೆ ಇನ್ನೊಂದು ವಿಚಿತ್ರ ಗುಣವುಂಟು. ಅದಕ್ಕೆ ನೀಲಿ, ನೇರಳೆ ಬೆಳಕು ಕಾಣುತ್ತದೆ, ಕೆಂಪು ಕಾಣುವುದಿಲ್ಲ. ಆದ್ದರಿಂದ ಆ ಕಾಲದ ಚಿತ್ರಗಳಲ್ಲಿ ನೀಲಿ ಆಕಾಶ ಬೆಳ್ಳಗೆ ಬರುತ್ತದೆ, ಕೆಂಪು ಬಟ್ಟೆ ಕಪ್ಪಾಗಿ ಬರುತ್ತದೆ. ಹುಡುಗಿಯ ತಾತ ಚಿತ್ರ ನೋಡಿ, "ಕರೀ ಕೋಟು ಹಾಕಿದಾರಲ್ಲ, ವಕೀಲರ ಥರ" ಎಂದಿದ್ದರು. ಅದು ಕೆಂಪು ಕೋಟೇ ಆಗಿರಬಹುದು. ಮದರಾಸು ಕಾಲ್ದಳದ ಅಧಿಕಾರಿಗಳ ಉಡುಪು ಕೆಂಪು. ಹಳೆಯ ಫೋಟೋದಲ್ಲಿ ಬಣ್ಣವನ್ನು ಕಂಡಂತೆಯೇ ನಂಬಿದರೆ ಮೋಸಹೋಗುತ್ತೇವೆ.

ಕತ್ತಿ ಮಾತ್ರ ಮೋಸ ಮಾಡುವುದಿಲ್ಲ. ಕತ್ತಿಯನ್ನು ಎಡಸೊಂಟಕ್ಕೆ ಕಟ್ಟುವುದು ಪದ್ಧತಿ. ನೆಗೆಟಿವ್ ಇಲ್ಲದೆ ನೇರವಾಗಿ ತಗಡಿನ ಮೇಲೆ ತೆಗೆದ ಚಿತ್ರಗಳಲ್ಲಿ ಎಡಬಲ ಅದಲುಬದಲಾಗಿ ಕತ್ತಿ ಬಲಕ್ಕೆ ಬರುತ್ತದೆ. ಇಲ್ಲಿ ಕತ್ತಿ ಎಡಕ್ಕೇ ಇತ್ತು. ಅಂದರೆ ನೆಗೆಟಿವ್‌ನಿಂದ ಕಾಗದಕ್ಕೆ ಇಳಿಸಿದ ಚಿತ್ರ.

ಮಸಿ ಹೇಳುವ ಮಾತು

ಮೂರನೆಯದು ಸಹಿ. ಸಂಗ್ರಾಹಕರು ಹೆಚ್ಚಾಗಿ ಎಡವುವುದು ಇಲ್ಲೇ. ಹೆಸರಾದವರ ಚಿತ್ರಗಳ ಕೆಳಗೆ ಸಹಿಯನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಮಾರುತ್ತಿದ್ದದ್ದುಂಟು. ಕೈಬರಹವೋ ಅಚ್ಚೋ ಎನ್ನುವುದನ್ನು ಭೂತಗನ್ನಡಿಯಲ್ಲಿ ತಿಳಿಯಬಹುದು. ಉಕ್ಕಿನ ನಿಬ್ಬು ಒತ್ತಿದಲ್ಲಿ ಎರಡು ಕವಲಾಗಿ ಕಾಗದದ ಮೇಲೆ ಎರಡು ಗೀರು ಎಳೆಯುತ್ತದೆ. ತಿರುವಿನಲ್ಲಿ ಮಸಿ ತುಂಬಿಕೊಂಡು ಗಾಢವಾಗುತ್ತದೆ. ಗೆರೆಯ ಕೊನೆಯಲ್ಲಿ ಕೈ ಎತ್ತಿದಾಗ ಮಸಿ ತೆಳುವಾಗುತ್ತದೆ. ಅಚ್ಚಿನಲ್ಲಿ ಈ ಏರಿಳಿತವಿಲ್ಲ, ಮಸಿ ಎಲ್ಲ ಕಡೆಯೂ ಒಂದೇ ಸಮ.

ಇಲ್ಲಿ ಎರಡು ಗೀರೂ ಇದ್ದವು, ತಿರುವಿನ ಗಾಢತೆಯೂ ಇತ್ತು. ಬಣ್ಣ ಕಂದು. ಆ ಕಾಲದ ಮಸಿ ಬಹುಮಟ್ಟಿಗೆ ಕಬ್ಬಿಣದ ಮಸಿ. ನಮ್ಮ ಹಿರಿಯರಿಗೂ ಇದು ಹೊಸದಲ್ಲ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿದರೆ ಕಪ್ಪು ಮಸಿಯಾಗುತ್ತದೆ. ಅಳಲೆಯಲ್ಲಿ ಒಗರು ಕೊಡುವ ಟ್ಯಾನಿನ್ ಇದೆ, ಅನ್ನಭೇದಿ ಎಂದರೆ ಫೆರಸ್ ಸಲ್ಫೇಟ್. ಎರಡೂ ಸೇರಿ ಗಾಳಿಯ ಆಮ್ಲಜನಕ ತಾಗಿದಾಗ ಕಪ್ಪು ಸಂಯುಕ್ತವಾಗಿ ಕಾಗದದ ನಾರಿನೊಳಗೆ ಇಳಿಯುತ್ತದೆ. ಯೂರೋಪಿನಲ್ಲಿ ಅಳಲೆಯ ಬದಲು ಓಕ್ ಮರದ ಗಂಟುಗಳನ್ನು ಬಳಸುತ್ತಿದ್ದರು, ಅಷ್ಟೇ ವ್ಯತ್ಯಾಸ. ದಶಕಗಳು ಕಳೆದಂತೆ ಈ ಕಪ್ಪು, ತುಕ್ಕಿನ ಹಾಗೆ ಕಂದಾಗುತ್ತದೆ.

ಮಸಿಯಿಂದ ಕಾಲವನ್ನೂ ಒರೆಗೆ ಹಚ್ಚಬಹುದು. ಪರ್ಕಿನ್ ಎಂಬ ಹದಿನೆಂಟರ ಹುಡುಗ ಕೃತಕ ನೇರಳೆ ಬಣ್ಣವನ್ನು ಕಂಡುಹಿಡಿದದ್ದು 1856ರಲ್ಲಿ. ಅಂಥ ಬಣ್ಣದ ಮಸಿಯಲ್ಲಿ 1840ರ ತಾರೀಖು ಇದ್ದರೆ ಅನುಮಾನ ಪಡಬೇಕು. ಬಾಲ್‌ಪೆನ್ ಅಂಗಡಿಗೆ ಬಂದದ್ದು 1940ರ ದಶಕದಲ್ಲಿ. ಅದರ ಗೆರೆಯಿರುವ 'ಹತ್ತೊಂಬತ್ತನೆಯ ಶತಮಾನದ ಸಹಿ'ಯನ್ನು ಮುಟ್ಟುವುದೂ ಬೇಡ.

ಅಂಗಡಿಗಳಲ್ಲಿ ಖೋಟಾ ನೋಟು ಪರೀಕ್ಷಿಸಲು ಇಡುವ ನೇರಳೆ ದೀಪವೂ ಉಪಯೋಗಕ್ಕೆ ಬರುತ್ತದೆ. ಸುಮಾರು 1950ರಿಂದೀಚೆಗೆ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸುವುದು ರೂಢಿಗೆ ಬಂತು. ಅಂಥ ಕಾಗದ ಆ ದೀಪದಡಿ ನೀಲಿಯಾಗಿ ಹೊಳೆಯುತ್ತದೆ. ಹೊಳೆದರೆ ಹೊಸ ಕಾಗದ. ಆದರೆ ಹೊಳೆಯಲಿಲ್ಲವೆಂದ ಮಾತ್ರಕ್ಕೆ ಎಲ್ಲವೂ ಹಳೆಯದೆಂದು ತೀರ್ಮಾನಿಸಬಾರದು. ನಿಜವಾದ ಹಳೆಯ ಕಾರ್ಡಿನ ಮೇಲೆ ಈಚೆಗೆ ಯಾರೋ ಸಹಿ ಮಾಡಿರಬಹುದು. ಆ ದೀಪವನ್ನು ನೇರವಾಗಿ ನೋಡುವುದೂ ಕಣ್ಣಿಗೆ ಒಳ್ಳೆಯದಲ್ಲ.

ಪರಿಚಯದ ದಿನಸಿ ಅಂಗಡಿಯವರ ದೀಪದಡಿ ಚಿಕ್ಕಲಸಂದ್ರದ ಕಾರ್ಡು ಮಂಕಾಗಿಯೇ ಇತ್ತು. ಒಟ್ಟಿನಲ್ಲಿ ಕಾರ್ಡು ಹಳೆಯದು, ಸಹಿ ಕೈಬರಹ, ಮಸಿ ಆ ಕಾಲಕ್ಕೆ ಹೊಂದುತ್ತದೆ. ಆದರೆ ಸಹಿ ಯಾರದು?

ಕ್ಯಾಮೆರಾ ಹಿಡಿದ ಕ್ಯಾಪ್ಟನ್

ಬೆಂಗಳೂರಿನ ದಂಡಿಗೂ ಫೋಟೋಗ್ರಫಿಗೂ ಹಳೆಯ ನಂಟು. ಇಲ್ಲಿನ ಅಧಿಕಾರಿಗಳು ಕ್ಯಾಮೆರಾದ ಮುಂದೆ ಕೂತದ್ದಷ್ಟೇ ಅಲ್ಲ, ಹಿಂದೆಯೂ ನಿಂತಿದ್ದರು. ಮದರಾಸು ಸೈನ್ಯದ 12ನೆಯ ಕಾಲ್ದಳದ ಕ್ಯಾಪ್ಟನ್ ಲಿನೇಯಸ್ ಟ್ರೈಪ್ 1854ರಲ್ಲಿ ಇಂಗ್ಲೆಂಡಿನಿಂದ ಬೆಂಗಳೂರಿಗೆ ಹಿಂದಿರುಗುವಾಗ ಕ್ಯಾಮೆರಾ ತಂದರು. ಅದೇ ವರ್ಷದ ಡಿಸೆಂಬರಿನಲ್ಲಿ ಡಾಕ್ಟರ್ ನೀಲ್ ಎಂಬ ಸೈನ್ಯದ ವೈದ್ಯರ ಜೊತೆ ಹಳೇಬೀಡು, ಬೇಲೂರುಗಳಿಗೆ ಹೋಗಿ ದೇವಾಲಯಗಳ ಚಿತ್ರ ತೆಗೆದರು. 1855ರ ಮದರಾಸು ಪ್ರದರ್ಶನದಲ್ಲಿ ಆ ಚಿತ್ರಗಳಿಗೆ ಬಹುಮಾನ ಬಂತು.

ಆಮೇಲೆ ಸರ್ಕಾರ ಅವರನ್ನು ಬರ್ಮಾದ ನಿಯೋಗದ ಜೊತೆ ಕಳುಹಿಸಿತು. ಅಲ್ಲಿಂದ ತಂದ ನೆಗೆಟಿವ್‌ಗಳಿಂದ 120 ಚಿತ್ರಗಳ 50 ಪ್ರತಿಗಳನ್ನು, ಅಂದರೆ 6,000 ಚಿತ್ರಗಳನ್ನು, ಬೆಂಗಳೂರಿನಲ್ಲಿ ಬಿಸಿಲಿಗೆ ಒಡ್ಡಿ ತೆಗೆಯುವ ಕೆಲಸ ನಡೆಯಿತು. ಒಂದೊಂದು ಚಿತ್ರಕ್ಕೂ ಬಿಸಿಲು ಬೇಕು, ಶುದ್ಧ ನೀರು ಬೇಕು, ತಾಳ್ಮೆ ಬೇಕು. ಟ್ರೈಪ್ ತಮ್ಮ ಚಿತ್ರಗಳಿಗೆ ಸಂಖ್ಯೆ ಹಾಕಿ ಮಸಿಯಲ್ಲಿ ಸಹಿ ಮಾಡುತ್ತಿದ್ದರು. 1859ರಲ್ಲಿ ಮದರಾಸಿಗೆ ಗವರ್ನರಾಗಿ ಬಂದ ಟ್ರೆವೆಲ್ಯನ್ ಈ ಕೆಲಸ ದುಬಾರಿಯೆಂದು ನಿಲ್ಲಿಸಿದರು. ಟ್ರೈಪ್ ತೀರಿಕೊಂಡದ್ದು 1902ರಲ್ಲಿ. ಅವರ ಚಿತ್ರಗಳ ದೊಡ್ಡ ಪ್ರದರ್ಶನ 2014 ಮತ್ತು 2015ರಲ್ಲಿ ವಾಷಿಂಗ್ಟನ್, ನ್ಯೂಯಾರ್ಕ್, ಲಂಡನ್‌ಗಳಲ್ಲಿ ನಡೆಯಿತು.

ಇನ್ನೊಬ್ಬ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ. 1856ರಲ್ಲಿ ಹಂಪಿಯ ಚಿತ್ರಗಳನ್ನು ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದವರು. ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ 1983ರಲ್ಲಿ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ 127 ವರ್ಷಗಳಲ್ಲಿ ಯಾವ ಕಂಬ ಬಿತ್ತು, ಯಾವ ಗೋಪುರ ಕರಗಿತು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಗ್ರೀನ್‌ಲಾರವರ ಚಿತ್ರಗಳಿಗೆ ಬೆಲೆ ಬಂದದ್ದು ಅವು ಯಾರವು, ಎಲ್ಲಿಯವು, ಯಾವಾಗಿನವು ಎಂಬ ಮೂರು ಸಂಗತಿಗಳು ನಿಶ್ಚಿತವಾಗಿದ್ದರಿಂದ. ಒಂದು ಸಂಗತಿ ಸುಳ್ಳಾಗಿದ್ದರೂ ಆ ಹೋಲಿಕೆಗೆ ಅರ್ಥವಿರುತ್ತಿರಲಿಲ್ಲ.

ಸೈನ್ಯಾಧಿಕಾರಿಗಳ ಹೆಸರು ಹುಡುಕಲು ದಾರಿಯಿದೆ. ಆಗ ಪ್ರತಿ ವರ್ಷ ಅಧಿಕಾರಿಗಳ ಪಟ್ಟಿಗಳು ಅಚ್ಚಾಗುತ್ತಿದ್ದವು. ಹಾರ್ಟ್ ಎಂಬುವರ ಪಟ್ಟಿ 1839ರಿಂದ ಬಂದಿದೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಇಂಥ ಎಷ್ಟೋ ಪಟ್ಟಿಗಳನ್ನು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ಓದುವಂತೆ ಇಟ್ಟಿದೆ. ಎದೆಯ ಪದಕವೂ ಸುಳಿವು ಕೊಡುತ್ತದೆ. ವಿಕ್ಟೋರಿಯಾ ಕ್ರಾಸ್ ಶುರುವಾದದ್ದು 1856ರಲ್ಲಿ. ಅದನ್ನು ಧರಿಸಿದವನ ಚಿತ್ರ ಅದಕ್ಕಿಂತ ಹಿಂದಿನದಾಗಲಾರದು. ಮದರಾಸು ಸೈನ್ಯ ಪ್ರತ್ಯೇಕ ಸೈನ್ಯವಾಗಿ ಉಳಿದದ್ದು 1895ರವರೆಗೆ. ಕಾರ್ಡಿನ ಹಿಂಬದಿಯಲ್ಲಿ ಸ್ಟುಡಿಯೋದ ಹೆಸರಿದ್ದರೆ ಊರು, ಕಾಲ ಎರಡೂ ಸಿಗುತ್ತವೆ.

ಚಿಕ್ಕಲಸಂದ್ರದ ಅಧಿಕಾರಿಯ ಎದೆಯಲ್ಲಿ ಪದಕವಿರಲಿಲ್ಲ. ಹಿಂಬದಿಯಲ್ಲಿ ಸ್ಟುಡಿಯೋದ ಹೆಸರಿದ್ದ ಭಾಗವನ್ನು ಹುಳು ತಿಂದಿತ್ತು. ಹುಡುಗಿ ಎರಡು ರಾತ್ರಿ ಪಟ್ಟಿಗಳನ್ನು ನೋಡಿದಳು. ಸಹಿಯ ಮೊದಲಕ್ಷರ ಎಚ್ ಇರಬಹುದು, ಕೆ ಇರಬಹುದು. ಕೊನೆಯದು ಎನ್ ಅಥವಾ ಯು. ಇಷ್ಟಕ್ಕೆ ಹೊಂದುವ ಹೆಸರುಗಳು ಹತ್ತಾರು ಸಿಕ್ಕವು. ಸ್ಯಾಂಕಿಯ ಹೆಸರು ಮಾತ್ರ ಯಾವ ಓದಿಗೂ ಹೊಂದಲಿಲ್ಲ.

ಓರೆ ಬೆಳಕು

ಕೊನೆಯ ದಿನ ಸಂಜೆ ಕರೆಂಟು ಹೋಯಿತು. ಹುಡುಗಿ ಟಾರ್ಚನ್ನು ಮೇಜಿನ ಮೇಲೆ ಮಲಗಿಸಿ, ಕಾರ್ಡನ್ನು ಬೋರಲು ಇಟ್ಟು ನೋಡುತ್ತಿದ್ದಳು. ಬೆಳಕು ಪಕ್ಕದಿಂದ ಓರೆಯಾಗಿ ಬಿದ್ದಾಗ ಮೇಲ್ಮೈಯ ಅತಿ ಸಣ್ಣ ತಗ್ಗಿನಲ್ಲೂ ನೆರಳು ಕಾಣುತ್ತದೆ. ಅಳಿಸಿಹೋದ ಪೆನ್ಸಿಲ್ ಬರಹದ ಒತ್ತು ಹಾಗೆ ಎದ್ದು ಬಂತು. ಕನ್ನಡದ ಅಕ್ಷರಗಳು. ಒಂದನೆಯ ತರಗತಿಯ ಮಗು ಬರೆದಂತೆ ದಪ್ಪದಪ್ಪ, ಒಂದೊಂದನ್ನೂ ಬಿಡಿಯಾಗಿ ಬರೆದದ್ದು: 'ಮುನಶಿ ಯವರಿಗೆ'.

"ತಾತ, ಇಲ್ನೋಡಿ" ಎಂದು ಕೂಗಿದಳು.

ತಾತ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ನಮ್ಮ ಮುತ್ತಾತ ದಂಡಿನಲ್ಲಿ ದೊರೆಗಳಿಗೆ ಪಾಠ ಹೇಳ್ತಿದ್ರು ಅಂತ ನಮ್ಮಪ್ಪ ಹೇಳ್ತಿದ್ದದ್ದು ಹೌದು. ಮುನ್ಷಿ ಮನೆ ಅಂತಲೇ ಕರೀತಿದ್ರಂತೆ. ನಾನು ಅದೆಲ್ಲ ಬರೀ ಕತೆ ಅಂದ್ಕೊಂಡಿದ್ದೆ ಕಣಮ್ಮ" ಎಂದರು.

ಕತೆಯಾಗಬೇಕಾಗಿಲ್ಲ. ಕಂಪನಿಯ ಕಾಲದಿಂದಲೂ ಅಧಿಕಾರಿಗಳು ಕೆಲವು ಹುದ್ದೆಗಳಿಗೆ ಏರಬೇಕಾದರೆ ದೇಶಭಾಷೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಿತ್ತು. ಅದಕ್ಕಾಗಿ ಮುನ್ಷಿಗಳನ್ನು ಇಟ್ಟುಕೊಂಡು ಕಲಿಯುತ್ತಿದ್ದರು. ಯಾರೋ ಒಬ್ಬ ಶಿಷ್ಯ ತನ್ನ ಮೇಷ್ಟರಿಗೆ, ತಾನು ಕಲಿತ ಅಕ್ಷರಗಳಲ್ಲೇ ಬರೆದು, ಸಹಿ ಮಾಡಿ ತನ್ನ ಚಿತ್ರ ಕೊಟ್ಟಿದ್ದ. ಬರೆದವನು ಚಿತ್ರದಲ್ಲಿರುವವನೇ ಎಂದು ಸಾಧಿಸಲು ಬೇರೆ ಆಧಾರವಿಲ್ಲ, ಆದರೆ ಸಂಭವ ಹೆಚ್ಚು. ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ 'ಸಂಭವ' ಎಂದೇ ಬರೆದುಕೊಂಡಳು.

ಮರುದಿನ ವ್ಯಾಪಾರಿ ಬಂದ. ತಂದೆ, "ಸ್ಯಾಂಕಿ ಅಲ್ಲ. ಹಾಗಂತ ಕಾಗದ ಬರೆದುಕೊಡೋದಕ್ಕೆ ಆಗೋಲ್ಲ" ಎಂದರು. "ಯಾರು ಕೇಳ್ತಾರೆ ಸಾರ್? ಹಾಗೆ ನೋಡಿದ್ರೆ ಯಾರ ಹತ್ರ ಪ್ರೂಫ್ ಇದೆ?" ಎಂದ ಆತ. "ಪ್ರೂಫ್ ಇಲ್ಲ ಅಂತಲೇ ಹೇಳ್ತಿರೋದು" ಎಂದರು ತಂದೆ. ಒಳಗೆ ಬಾಗಿಲ ಹತ್ತಿರ ಮಗಳು ನಿಂತಿದ್ದದ್ದು ಅವರಿಗೆ ಗೊತ್ತಿತ್ತು.

ಫೀಸಿಗೆ ಚೀಟಿ ಹಣ ಎತ್ತಿದರು. ಎತ್ತಿದ ಚೀಟಿಯ ಕಂತು ಇನ್ನೂ ಕಟ್ಟುತ್ತಿದ್ದಾರೆ.

ನಿಮ್ಮ ಮನೆಯ ಟ್ರಂಕಿನಲ್ಲಿ

ಇಂಥ ಚಿತ್ರ ನಿಮ್ಮ ಮನೆಯಲ್ಲೂ ಇರಬಹುದು. ಸೈನ್ಯಾಧಿಕಾರಿಯದೇ ಆಗಬೇಕೆಂದಿಲ್ಲ, ಮುತ್ತಜ್ಜಿಯದಾದರೂ ಸರಿ. ಒಂದೆರಡು ಎಚ್ಚರಿಕೆಗಳು.

ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿ ಮತ್ತು ಅಂಟು ಎರಡೂ ಮೊಟ್ಟೆಯ ಪದರವನ್ನು ಕೆಡಿಸುತ್ತವೆ. ಒಮ್ಮೆ ಅಂಟಿದ ಪ್ಲಾಸ್ಟಿಕ್ಕನ್ನು ಚಿತ್ರಕ್ಕೆ ಹಾನಿಯಾಗದಂತೆ ತೆಗೆಯುವುದು ಕಷ್ಟ. ಅಗ್ಗದ ಪಿ.ವಿ.ಸಿ. ಕವರುಗಳಿಂದ ಹೊರಬೀಳುವ ಆವಿಯೂ ಚಿತ್ರಕ್ಕೆ ಶತ್ರು. ಆಮ್ಲರಹಿತ ಕಾಗದದ ಲಕೋಟೆ ಅಥವಾ ಪಾಲಿಯೆಸ್ಟರ್ ಹಾಳೆಯ ಕವರು ಒಳ್ಳೆಯದು. ಚಿತ್ರದ ಮುಖವನ್ನು ಬೆರಳಿನಿಂದ ಮುಟ್ಟದೆ ಅಂಚಿನಲ್ಲಿ ಹಿಡಿಯಬೇಕು. ಬೆವರಿನ ಉಪ್ಪು ಕಲೆ ಮಾಡುತ್ತದೆ. ಬೆಳ್ಳಿಯ ಲೋಟ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅನಿಲಗಳಿಂದ. ಚಿತ್ರದ ಬೆಳ್ಳಿ ಮಾಸುವುದಕ್ಕೂ ಅವು ಕಾರಣ. ಮಳೆಗಾಲದಲ್ಲಿ ತೇವ ಸೇರದಂತೆ ನೋಡಿಕೊಳ್ಳಿ. ಪುಸ್ತಕಗಳ ನಡುವೆ ಓಡಾಡುವ ಬೆಳ್ಳಿ ಬಣ್ಣದ ಹುಳುವಿಗೆ ರಟ್ಟಿನ ಗಂಜಿಯ ಅಂಟೆಂದರೆ ಹಬ್ಬದೂಟ.

ಮಾರುವ ಯೋಚನೆಯಿದ್ದರೆ ಕಾನೂನೂ ಗೊತ್ತಿರಲಿ. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ಐತಿಹಾಸಿಕ ಮಹತ್ವದ, ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿ ವ್ಯಕ್ತಿಗಳು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಅಂಥವನ್ನು ಮಾರುವ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ನೋಡುವ ಆಸೆಯಿರುವ ವಿದ್ಯಾರ್ಥಿಗಳಿಗೆ ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯವಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಗೊತ್ತಿರುವುದನ್ನು ಬರೆದಿಡುವುದು. ಚಿತ್ರದ ಮೇಲಲ್ಲ, ಬೇರೆ ಹಾಳೆಯಲ್ಲಿ. ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆಯಬೇಕು. ಚಿಕ್ಕಲಸಂದ್ರದ ಮನೆಯಲ್ಲಿ ಈಗ ಆ ಕಾರ್ಡಿನ ಜೊತೆ ಒಂದು ಹಾಳೆಯಿದೆ. ಹುಡುಗಿಯ ಅಕ್ಷರದಲ್ಲಿ ಹೀಗಿದೆ: ಅಳತೆ, 64ಕ್ಕೆ 100 ಮಿಲಿಮೀಟರ್. ವಿಧಾನ, ಆಲ್ಬುಮೆನ್. ಕಾಲ, ಬಹುಶಃ 1860ರ ದಶಕ. ಸಹಿ, ಕೈಬರಹ, ಕಬ್ಬಿಣದ ಮಸಿ ಇರಬಹುದು. ಹಿಂಬದಿಯಲ್ಲಿ ಪೆನ್ಸಿಲ್ ಬರಹ, 'ಮುನಶಿ ಯವರಿಗೆ'. ಪಡೆದವರು, ತಾತನ ಮುತ್ತಾತ ಇರಬಹುದು, ತಾತ ಹೇಳಿದ್ದು.

ಅಧಿಕಾರಿಯ ಹೆಸರು ಎಂಬಲ್ಲಿ 'ಗೊತ್ತಿಲ್ಲ' ಎಂದಿದೆ. ಅದರ ಮುಂದೆ ಎರಡು ಸಾಲು ಖಾಲಿ ಬಿಟ್ಟಿದ್ದಾಳೆ, ಮುಂದೆ ಯಾರಿಗಾದರೂ ಗೊತ್ತಾದರೆ ಬರೆಯಲಿ ಎಂದು.